ಆನೆ ತಿನ್ನದ ರಾಗಿಯ ಲೆಕ್ಕ

ಆನೆ ಬಂದು ರಾಗಿ ತಿಂದರೆ ಸರ್ಕಾರ ಪರಿಹಾರ ಕೊಡುತ್ತದಲ್ಲ, ಮತ್ತೇನು ತಕರಾರು? ಬೆಂಗಳೂರಿನಲ್ಲಿ ಈ ಪ್ರಶ್ನೆ ಆಗಾಗ ಕಿವಿಗೆ ಬೀಳುತ್ತದೆ. ಕೇಳುವವರು ಕಟುಕರೇನಲ್ಲ. ‘ಕಾಡಾನೆ ದಾಳಿ, ಬೆಳೆ ನಾಶ’ ಎಂಬ ಸಣ್ಣ ಸುದ್ದಿಯನ್ನು ಓದಿದವರಿಗೆ ಸಹಜವಾಗಿ ಹೊಳೆಯುವ ಲೆಕ್ಕ ಅದು: ತಿಂದದ್ದು ಎಷ್ಟು, ಕೊಟ್ಟದ್ದು ಎಷ್ಟು, ಕಳೆದರೆ ಉಳಿಯುವುದು ಎಷ್ಟು. ಆದರೆ ಕಾಡಂಚಿನ ಒಕ್ಕಲು ಮನೆಯನ್ನು ಸೋಲಿಸುವುದು ಆನೆ ತಿಂದ ರಾಗಿಗಿಂತ ಹೆಚ್ಚಾಗಿ ಅದು ತಿನ್ನದೆ ಹೋದ ರಾಗಿ. ಕಾವಲಿಗೆ ಹೋದ ರಾತ್ರಿಗಳು, ಹೆದರಿ ಬಿತ್ತದೆ ಬಿಟ್ಟ ಕಾಳು, ಹಸುವಿಗೆ ಸಾಲದೆ ಬಂದ ಹುಲ್ಲು, ಬಂದ ಬೆಲೆಗೆ ಮಾರಿದ ಮೇಕೆ, ಕೊನೆಗೆ ಕೈಬಿಟ್ಟ ಹೊಲ. ಇವು ಯಾವ ಮಹಜರಿಗೂ ಸೇರುವುದಿಲ್ಲ.

ಇದನ್ನು ತಿಳಿಯಲು ಕೊಡಗಿಗೋ ಹಾಸನಕ್ಕೋ ಹೋಗಬೇಕಾಗಿಲ್ಲ. ಬನ್ನೇರುಘಟ್ಟ ನಗರದ ನಡುವಿನಿಂದ ಇಪ್ಪತ್ತೆರಡು ಕಿಲೋಮೀಟರ್ ಆಸುಪಾಸಿನಲ್ಲಿದೆ. ಮಕ್ಕಳನ್ನು ಕರೆದುಕೊಂಡು ಸಫಾರಿಗೆ ಹೋಗುವ ಜೈವಿಕ ಉದ್ಯಾನ ಆ ಕಾಡಿನ ಒಂದು ಮೂಲೆ ಮಾತ್ರ. ಅದರ ಬೆನ್ನಿಗೆ, 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿ ಮುಂದೆ ಹಿಗ್ಗುತ್ತ ಬಂದ, ಸುಮಾರು 260 ಚದರ ಕಿಲೋಮೀಟರ್ ಅರಣ್ಯ ಆನೇಕಲ್, ಹಾರೋಹಳ್ಳಿ, ಕನಕಪುರದ ಕಡೆಗೆ ಚಾಚಿಕೊಂಡಿದೆ. ಅಲ್ಲಿಂದ ಆನೆಗಳ ದಾರಿ ಒಂದೆಡೆ ಕಾವೇರಿ ವನ್ಯಜೀವಿಧಾಮಕ್ಕೆ, ಇನ್ನೊಂದೆಡೆ ತಮಿಳುನಾಡಿನ ತಳಿ, ಹೊಸೂರು ಸೀಮೆಗೆ ಹೋಗುತ್ತದೆ. ಪಶ್ಚಿಮಕ್ಕೆ ಸಾವನದುರ್ಗ, ಮಾಗಡಿ, ಚನ್ನಪಟ್ಟಣದ ತುಂಡು ಕಾಡುಗಳಿವೆ. ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಯಿತು. ಆನೆಗಳ ದಾರಿಯಲ್ಲಿ ಮಾತ್ರ ಬದಲಾವಣೆ ಇಲ್ಲ.

ಕಾಡಿನ ಆಕಾರ

ಆನೆ ಹೊಲಕ್ಕೆ ಬರುವುದೇಕೆ ಎಂದರೆ ‘ಕಾಡಿನಲ್ಲಿ ಮೇವಿಲ್ಲ, ಅದಕ್ಕೆ ನಾಡಿಗೆ ಬರುತ್ತವೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದು ಅರ್ಧ ಸತ್ಯ. ಉಳಿದ ಅರ್ಧ ಕಾಡಿನ ಆಕಾರದಲ್ಲಿದೆ, ರಾಗಿಯ ರುಚಿಯಲ್ಲಿದೆ.

260 ಚದರ ಕಿಲೋಮೀಟರ್ ಕಾಡು ದುಂಡಗಿದ್ದರೆ ಅದರ ಸುತ್ತಳತೆ ಐವತ್ತೇಳು ಕಿಲೋಮೀಟರ್ ಆಗುತ್ತಿತ್ತು. ಅದೇ ವಿಸ್ತೀರ್ಣವನ್ನು ಐದು ಕಿಲೋಮೀಟರ್ ಅಗಲದ ಪಟ್ಟಿಯಾಗಿ ಎಳೆದರೆ ಸುತ್ತಳತೆ ನೂರಹದಿನಾಲ್ಕಕ್ಕೆ ಏರುತ್ತದೆ. ಕಾಡು ಹೆಚ್ಚಲಿಲ್ಲ, ಆನೆ ಹೆಚ್ಚಲಿಲ್ಲ, ಆದರೆ ಕಾಡಿಗೆ ತಾಗಿದ ಹೊಲಗಳು ಇಮ್ಮಡಿಯಾದವು. ಬನ್ನೇರುಘಟ್ಟ ಇಂಥದ್ದೇ ಉದ್ದನೆಯ, ಹರಕು ಅಂಚಿನ ಕಾಡು. ಕೆಲವೆಡೆ ಅದರ ಅಗಲ ಒಂದು ಕಿಲೋಮೀಟರಿಗೂ ಕಡಿಮೆ. ಅಷ್ಟು ಕಿರಿದಾದ ಜಾಗದಲ್ಲಿ ಹಗಲು ಮರೆಯಲ್ಲಿ ನಿಂತ ಆನೆಗೆ ಎಡಕ್ಕೂ ಬಲಕ್ಕೂ ಹೊಲದ ವಾಸನೆ ಬರುತ್ತದೆ. ಒಂದು ಕಾಡಿನಿಂದ ಇನ್ನೊಂದಕ್ಕೆ ಆನೆಗಳು ದಾಟುವ ಕರಡಿಕಲ್–ಮಹದೇಶ್ವರ ಕಾರಿಡಾರ್ ಇಂಥ ಇಕ್ಕಟ್ಟಿನ ದಾರಿಗಳಲ್ಲೊಂದು. ಇದರ ಜೊತೆಗೆ ಸುತ್ತಲಿನ ಕಲ್ಲುಕ್ವಾರಿ, ರೆಸಾರ್ಟ್, ಬಡಾವಣೆಗಳ ಒತ್ತಡ ಬೇರೆ. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ, ಅಂದರೆ ಗಣಿಗಾರಿಕೆ, ಕಟ್ಟಡಗಳಿಗೆ ನಿರ್ಬಂಧವಿರುವ ಪಟ್ಟಿ, 2016ರ ಕರಡಿನಲ್ಲಿ ಸುಮಾರು 269 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯ ಹೊತ್ತಿಗೆ ಸುಮಾರು 169ಕ್ಕೆ ಇಳಿದಿತ್ತು. ಆ ನೂರು ಚದರ ಕಿಲೋಮೀಟರ್ ಯಾರಿಗೆ ಬೇಕಾಗಿತ್ತು ಎಂಬುದನ್ನು ಊಹಿಸಲು ಬೆಂಗಳೂರಿಗರಿಗೆ ಕಷ್ಟವಾಗಲಾರದು.

ರುಚಿಯ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೀಮೆಯಲ್ಲಿ ಆನೆಗಳ ಬೆನ್ನುಹತ್ತಿ ನಡೆಸಿದ ಅಧ್ಯಯನ ಇಲ್ಲಿ ದಾರಿದೀಪ. ಕಾಡಿನ ಒರಟು ಹುಲ್ಲಿಗಿಂತ ತೆನೆಕಟ್ಟಿದ ರಾಗಿಯಂಥ ಬೆಳೆಯಲ್ಲಿ ಪ್ರೋಟೀನ್, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚು. ಕಾಡಿನಲ್ಲಿ ದಿನವಿಡೀ ಅಲೆದು ಗಳಿಸಬೇಕಾದ ಪೋಷಣೆ ಹೊಲದಲ್ಲಿ ಕೆಲವೇ ಗಂಟೆಗಳಲ್ಲಿ ದಕ್ಕುತ್ತದೆ. ಅದರಲ್ಲೂ ವಯಸ್ಕ ಗಂಡಾನೆಗಳು ಹೆಣ್ಣಾನೆಗಳಿಗಿಂತ ಬಹಳ ಹೆಚ್ಚು ಸಲ ಹೊಲಕ್ಕೆ ನುಗ್ಗುತ್ತವೆ. ಮರಿಗಳನ್ನು ಕಟ್ಟಿಕೊಂಡ ಹಿಂಡು ಅಪಾಯಕ್ಕೆ ಅಂಜುತ್ತದೆ; ಒಂಟಿಸಲಗಕ್ಕೆ ಮೈ ಬೆಳೆಸಿ, ಬೇರೆ ಗಂಡುಗಳನ್ನು ಮಣಿಸಿ, ಹೆಣ್ಣನ್ನು ಪಡೆಯಬೇಕಾದ ತುರ್ತು. ಆದ್ದರಿಂದ ಕಾಡು ಹಸಿರಾಗಿರುವ ವರ್ಷವೂ ಸಲಗ ಬರುತ್ತದೆ. ಕರ್ನಾಟಕದ ಆನೆಗಳು 2017ರ ಎಣಿಕೆಯಲ್ಲಿ 6,049 ಇದ್ದವು, 2023ರಲ್ಲಿ 6,395, ದೇಶದಲ್ಲೇ ಹೆಚ್ಚು. ಸಂಖ್ಯೆಯ ಬಗ್ಗೆ ವಾದ ನಡೆಯುತ್ತಲೇ ಇರುತ್ತದೆ. ಊರಿನ ಪಾಲಿಗೆ ಮಾತ್ರ ಆರು ಸಾವಿರವೂ ಒಂದೇ, ಒಂದೂ ಒಂದೇ. ದಾರಿ ಕಲಿತ ಒಂದು ಸಲಗ ಒಂದು ಸುಗ್ಗಿಯನ್ನು ಮುಗಿಸಲು ಸಾಕು.

ಬೆಂಗಳೂರಿನ ಒಳಗೇ ಇಂಥ ನೆನಪೊಂದು ಉಳಿದಿದೆ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಐತಿಹ್ಯ ಎಲ್ಲರಿಗೂ ಗೊತ್ತು: ಸುಂಕೇನಹಳ್ಳಿ ಸುತ್ತಮುತ್ತಲಿನ ರೈತರ ಕಡಲೆಕಾಯಿ ಹೊಲಕ್ಕೆ ರಾತ್ರಿ ಬಸವ ನುಗ್ಗುತ್ತಿತ್ತು, ಕಾವಲು ಕುಳಿತವರು ಹೊಡೆದರು, ಅದು ಕಲ್ಲಾಯಿತು, ಪ್ರಾಯಶ್ಚಿತ್ತಕ್ಕೆ ಗುಡಿ ಕಟ್ಟಿ ಮೊದಲ ಬೆಳೆಯನ್ನು ಅರ್ಪಿಸಿದರು. ಕಾರ್ತಿಕದ ಕೊನೆಯ ಸೋಮವಾರ ಬಡವರ ಬಾದಾಮಿ ಮೆಲ್ಲುವ ನಾವು ಅದರಲ್ಲಿ ಭಕ್ತಿಯನ್ನು ಕಾಣುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೆಳೆ ಕಾಯುವ ರೈತರ ನಿದ್ದೆಗೆಟ್ಟ ಕಣ್ಣು. ಕಥೆಯ ಹೊಲಗಳೆಲ್ಲ ಈಗ ಬಡಾವಣೆಗಳು. ಅದಕ್ಕೂ ನಮ್ಮ ವಿಷಯಕ್ಕೂ ಸಂಬಂಧವಿದೆ, ಮುಂದೆ ಬರುತ್ತದೆ.

ಕಾವಲಿನ ಕೂಲಿ

ಈ ಸೀಮೆಯ ಮಳೆಯಾಶ್ರಿತ ರಾಗಿಯನ್ನು ಹೆಚ್ಚಾಗಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬಿತ್ತುತ್ತಾರೆ. ಅಕ್ಟೋಬರಿನಲ್ಲಿ ತೆನೆ ಹಾಲು ತುಂಬುತ್ತದೆ, ನವೆಂಬರ್–ಡಿಸೆಂಬರಿನಲ್ಲಿ ಕೊಯ್ಲು. ಆನೆಗಳ ಓಡಾಟವೂ ಈ ತಿಂಗಳುಗಳಿಗೆ ಸರಿಯಾಗಿ ಹೊಂದಿಕೊಂಡಿದೆ. ಬನ್ನೇರುಘಟ್ಟದಿಂದ ಹೊಸೂರು ಸೀಮೆಯವರೆಗೆ ಅವು ರಾಗಿಯ ಜೊತೆಗೇ ನಡೆಯುತ್ತವೆ ಎಂದರೂ ತಪ್ಪಿಲ್ಲ. ಹಾಗಾಗಿ ತೆನೆ ಬಂದಾಗಿನಿಂದ ಕಣದಲ್ಲಿ ರಾಶಿಯಾಗುವವರೆಗೆ ಯಾರಾದರೊಬ್ಬರು ಹೊಲದಲ್ಲಿ ಮಲಗಲೇಬೇಕು. ಮಲಗುವುದು ಎಂಬುದು ಮಾತಿಗಷ್ಟೇ. ಮರದ ಮೇಲೋ ಬಂಡೆಯ ಮೇಲೋ ಅಟ್ಟಣೆ, ಕೈಯಲ್ಲಿ ಟಾರ್ಚು, ಪಕ್ಕದಲ್ಲಿ ತಮಟೆ, ಜೇಬಿನಲ್ಲಿ ಪಟಾಕಿ, ಮೊಬೈಲಿನಲ್ಲಿ ಆಚೆ ಹೊಲದವರೊಂದಿಗೆ ‘ಬಂತಾ? ಬಂತಾ?’ ಎಂಬ ವಿಚಾರಣೆ.

ಇದಕ್ಕೆ ಬೆಲೆ ಕಟ್ಟಿ ನೋಡೋಣ. ಎರಡು ಎಕರೆ ಮಳೆಯಾಶ್ರಿತ ರಾಗಿಯಲ್ಲಿ ಎಕರೆಗೆ ಎಂಟು ಕ್ವಿಂಟಲ್‌ನಂತೆ ಹದಿನಾರು ಕ್ವಿಂಟಲ್ ಬಂತೆಂದುಕೊಳ್ಳಿ. 2025–26ರ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಒಟ್ಟು 78,176 ರೂಪಾಯಿ. ಉಳುಮೆ, ಗೊಬ್ಬರ, ಕಳೆ, ಕೊಯ್ಲಿನ ಖರ್ಚನ್ನು ಇನ್ನೂ ಕಳೆದಿಲ್ಲ. ಅದೇ ವರ್ಷ ಉದ್ಯೋಗ ಖಾತರಿಯಲ್ಲಿ ಕರ್ನಾಟಕದ ದಿನಗೂಲಿ 370 ರೂಪಾಯಿ. ಎರಡು ತಿಂಗಳ ಕಾವಲಿಗೆ ಬರೀ ಈ ದರದಲ್ಲಿ, ಒಬ್ಬರಿಗೆ ಮಾತ್ರ ಲೆಕ್ಕ ಹಾಕಿದರೂ 22,200 ರೂಪಾಯಿ. ಅಂದರೆ ಹೊಲಕ್ಕೆ ಒಂದು ಆನೆಯೂ ಕಾಲಿಡದ, ಒಂದು ತೆನೆಯೂ ಮುರಿಯದ ‘ಒಳ್ಳೆಯ’ ವರ್ಷದಲ್ಲೇ ಬೆಳೆಯ ಕಾಲು ಭಾಗಕ್ಕಿಂತ ಹೆಚ್ಚು ಕಾವಲಿಗೆ ಹೋಯಿತು. ಈ ಮೊತ್ತಕ್ಕೆ ಪರಿಹಾರದ ಅರ್ಜಿ ನಮೂನೆಯಲ್ಲಿ ಕಲಂ ಇಲ್ಲ. ಆನೆ ಬರಲಿಲ್ಲವಲ್ಲ, ನಷ್ಟ ಎಲ್ಲಾಯಿತು?

ರಾತ್ರಿಯೆಲ್ಲ ಎದ್ದಿದ್ದವನು ಹಗಲು ಕೂಲಿಗೆ ಹೋಗಲಾರ. ಹೋದರೂ ಅರ್ಧ ಆಳು. ರೇಷ್ಮೆ ಸಾಕುವ ಮನೆಯಾದರೆ ಇಕ್ಕಟ್ಟು ಇನ್ನೂ ಹೆಚ್ಚು, ಏಕೆಂದರೆ ಕೊನೆಯ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳುಗಳಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಗಂಡಸು ಅಟ್ಟಣೆ ಹತ್ತಿದರೆ ಹುಳುವಿನ ಮನೆ, ಬೆಳಗಿನ ಹಾಲು, ಮಕ್ಕಳು, ಎಲ್ಲವೂ ಹೆಂಗಸಿನ ಪಾಲಿಗೆ ಬರುತ್ತವೆ. ಸಂಘದ ಸಾಲದ ವಾರದ ಕಂತಿಗೆ ಆನೆಯ ಸುದ್ದಿ ಗೊತ್ತಿರುವುದಿಲ್ಲ. ಬೆಳೆ ಹೋದರೆ ಆ ಕಂತು ಕಟ್ಟಲು ಇನ್ನೊಂದು ಸಂಘದಲ್ಲಿ ಸಾಲ ಎತ್ತುತ್ತಾರೆ.

ಮೇವಿನ ಲೆಕ್ಕ ನಗರದವರಿಗೆ ಹೊಳೆಯುವುದೇ ಇಲ್ಲ. ರಾಗಿಯೆಂದರೆ ನಮಗೆ ಮುದ್ದೆ. ಒಕ್ಕಲಿಗೆ ಅದು ಮುದ್ದೆಯಷ್ಟೇ ಹುಲ್ಲೂ ಹೌದು. ಮುಂದಿನ ಸುಗ್ಗಿಯವರೆಗೆ ಹಸು ನಿಲ್ಲುವುದು ಆ ಹುಲ್ಲಿನ ಮೆದೆಯ ಮೇಲೆ, ಮನೆ ನಡೆಯುವುದು ಡೇರಿಯ ಹಾಲಿನ ಬಟವಾಡೆಯ ಮೇಲೆ. ದಿನಕ್ಕೆ ಕ್ವಿಂಟಲಿಗೂ ಮೀರಿ ಮೇವು ಬೇಕಾದ ಆನೆ ಹೊಲಕ್ಕಿಳಿದರೆ ತಿನ್ನುವುದಕ್ಕಿಂತ ತುಳಿಯುವುದು ಹೆಚ್ಚು. ತುಳಿದ ಪೈರು ಕಾಳಿಗೂ ಬಾರದು, ಹುಲ್ಲಿಗೂ ಬಾರದು. ಆಗ ಹುಲ್ಲು ಕೊಳ್ಳಬೇಕು, ಇಲ್ಲವೇ ಹಸು ಮಾರಬೇಕು. ಹಸು ಮಾರಿದರೆ ಗೊಬ್ಬರವೂ ಹೋಯಿತು, ಮುಂದಿನ ವರ್ಷದ ರಾಗಿಯ ಇಳುವರಿಯೂ ಕುಸಿಯಿತು. ಒಂದು ರಾತ್ರಿಯ ತುಳಿತ ಎರಡು ವರ್ಷ ನಡೆಯುತ್ತದೆ. ಇದೇ ಭಯಕ್ಕೆ ಎಷ್ಟೋ ಮಂದಿ ಪೂರ್ತಿ ಮಾಗುವ ಮೊದಲೇ ಯಂತ್ರ ಕರೆಸಿ ಕೊಯ್ದುಬಿಡುತ್ತಾರೆ. ಕಾಳಿನ ತೂಕ ಕಡಿಮೆಯಾಗುತ್ತದೆ, ಯಂತ್ರ ಚೂರು ಮಾಡಿದ ಹುಲ್ಲಿಗೆ ದನ ಮೂಗು ಮುರಿಯುತ್ತವೆ. ಅದೂ ಆನೆಯ ಖಾತೆಗೇ ಸೇರಬೇಕಾದ ನಷ್ಟ.

ಏನು ಬೆಳೆಯಬೇಕೆಂದು ತೀರ್ಮಾನಿಸುವುದೂ ಕ್ರಮೇಣ ರೈತನ ಕೈತಪ್ಪುತ್ತದೆ. ಹಳೆಯ ಮೈಸೂರಿನ ರಾಗಿ ಹೊಲವೆಂದರೆ ಅಕ್ಕಡಿ ಸಾಲು ಇರಲೇಬೇಕು: ಅವರೆ, ತೊಗರಿ, ಹುಚ್ಚೆಳ್ಳು, ಬದುವಿನಲ್ಲಿ ಹರಳು. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯಲಿ ಎಂಬ ಉಪಾಯ ಅದು. ಆನೆ ರಾಗಿಗೆ ಬಂದರೆ, ಕಾಡುಹಂದಿ ಕಡಲೆಕಾಯಿ, ಗೆಣಸು, ಮುಸುಕಿನ ಜೋಳವನ್ನು ಬುಡಸಹಿತ ಕಿತ್ತು ಹಾಕುತ್ತದೆ. ನವಿಲು ಬಿತ್ತಿದ ಕಾಳನ್ನೂ ಎಳೆಯ ಟೊಮೆಟೊವನ್ನೂ ಕುಕ್ಕುತ್ತದೆ. ಕೋತಿಗೆ ಅವರೆ, ಎಳನೀರು ಎರಡೂ ಆದೀತು. ಆನೆಯ ದಾಳಿ ಸುದ್ದಿಯಾಗುತ್ತದೆ; ಹಂದಿ, ನವಿಲು, ಕೋತಿಗಳು ದಿನಕ್ಕಿಷ್ಟು ಎಂದು ತಿನ್ನುವುದು ಸುದ್ದಿಯಾಗುವುದಿಲ್ಲ. ಹೀಗಾಗಿ ಒಂದೊಂದೇ ಬೆಳೆ ಹೊಲದಿಂದ ಇಳಿಯುತ್ತದೆ. ಜನವರಿಯ ಆಸುಪಾಸಿನಲ್ಲಿ ಬೆಂಗಳೂರಿನ ಅವರೆ ಮೇಳದಲ್ಲಿ ಅವರೆಕಾಳಿನ ದೋಸೆಗೆ ಸಾಲುಗಟ್ಟುವವರ ತಟ್ಟೆಗೆ ಬರುವ ಕಾಳು ಯಾವ ಹೊಲದಿಂದ ಬರುವುದು ನಿಂತಿತು ಎಂಬುದು ಯಾರಿಗೂ ತಿಳಿಯುವುದಿಲ್ಲ, ಬೇರೆಲ್ಲಿಂದಲೋ ಬರುತ್ತದೆ.

ಯಾವ ಪ್ರಾಣಿಯೂ ಮುಟ್ಟದ ಬೆಳೆಯೆಂದರೆ ನೀಲಗಿರಿ. ಬೆಂಗಳೂರು ಸುತ್ತಲಿನ ಎಷ್ಟೋ ಹೊಲಗಳು ಅದಕ್ಕೆ ಶರಣಾದದ್ದಕ್ಕೆ ಆಳಿನ ಅಭಾವದ ಜೊತೆ ಈ ನಿಶ್ಚಿಂತೆಯೂ ಒಂದು ಕಾರಣ. ಅಂತರ್ಜಲದ ಕಾರಣಕ್ಕೆ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಸರಿಯಾದ ನಿರ್ಧಾರವೇ. ಆದರೆ ಕಾಡಂಚಿನವರಿಗೆ ಅದೂ ಒಂದು ಬಾಗಿಲು ಮುಚ್ಚಿದಂತಾಯಿತು.

ಚಿರತೆಯ ಕಥೆ ಬೇರೆ ಬಗೆಯದು. ಬೆಂಗಳೂರಿಗೆ ಚಿರತೆ ಎಂದರೆ 2016ರಲ್ಲಿ ವೈಟ್‌ಫೀಲ್ಡ್ ಕಡೆಯ ಶಾಲೆಗೆ ನುಗ್ಗಿದ್ದು, 2023ರಲ್ಲಿ ಕೂಡ್ಲು ಗೇಟಿನ ಬಳಿ ಅಪಾರ್ಟ್‌ಮೆಂಟಿನಲ್ಲಿ ಓಡಾಡಿದ್ದು. ಸಿಸಿಟಿವಿಯ ದೃಶ್ಯ ಎಲ್ಲರ ಮೊಬೈಲಿಗೂ ಬಂತು. ಮಾಗಡಿಯ ಕಡೆ ಅದರ ಅರ್ಥವೇ ಬೇರೆ. 2020ರ ಮೇ ತಿಂಗಳಲ್ಲಿ ಆ ತಾಲ್ಲೂಕಿನಲ್ಲಿ ಮೊದಲು ಒಂದು ಮಗು, ಕೆಲವೇ ದಿನಗಳಲ್ಲಿ ಒಬ್ಬ ವೃದ್ಧೆ ಚಿರತೆಗೆ ಬಲಿಯಾದರು. ಅಂಥ ಒಂದು ಘಟನೆಯ ಬಳಿಕ ಸುತ್ತಲಿನ ಊರುಗಳಲ್ಲಿ ಸಂಜೆ ಎಂಬುದು ನಾಲ್ಕು ಗಂಟೆಗೇ ಮುಗಿಯುತ್ತದೆ. ಮೇಕೆ ಕುರಿ ಮೇಯಿಸುವವರು ಹೆಚ್ಚಾಗಿ ಮುದುಕರು, ಹೆಂಗಸರು, ಭೂಮಿ ಇಲ್ಲದವರು. ಗುಡ್ಡಕ್ಕೆ ಹೊಡೆಯಲು ಹೆದರಿದರೆ ಮನೆಯಲ್ಲೇ ಕಟ್ಟಿ ಮೇವು ಹಾಕಬೇಕು, ಅಷ್ಟು ಮೇವು ಅವರ ಬಳಿ ಇಲ್ಲ. ಆಗ ನಾಲ್ಕು ಮೇಕೆಯಲ್ಲಿ ಎರಡನ್ನು ಮಾರುತ್ತಾರೆ. ಚಿರತೆ ತಿಂದ ಮೇಕೆಗೆ, ಕಳೇಬರ ಸಿಕ್ಕಿ ಪಶುವೈದ್ಯರು ಬರೆದುಕೊಟ್ಟರೆ, ಪರಿಹಾರ ಉಂಟು. ಚಿರತೆಯ ಭಯಕ್ಕೆ ಮಾರಿದ ಮೇಕೆಗೆ ಏನೂ ಇಲ್ಲ.

ಮಹಜರು

ಪರಿಹಾರ ವ್ಯವಸ್ಥೆ ಇಲ್ಲವೇ ಇಲ್ಲ ಎಂದು ಹೇಳುವುದು ಅನ್ಯಾಯ. ಕರ್ನಾಟಕ ಈ ವಿಷಯದಲ್ಲಿ ಹಲವು ರಾಜ್ಯಗಳಿಗಿಂತ ಮುಂದಿದೆ. ಪ್ರಾಣಹಾನಿಗೆ ಕೊಡುವ ಮೊತ್ತವನ್ನು 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿ, ಬೆಳೆ ಪರಿಹಾರದ ದರವನ್ನೂ ಇಮ್ಮಡಿಗೊಳಿಸಿತು. ಅರ್ಜಿಗಳಿಗೆ ‘ಇ-ಪರಿಹಾರ’ ತಂತ್ರಾಂಶವಿದೆ. ತೊಡಕು ಇರುವುದು ದರದಲ್ಲಿ ಅಷ್ಟಾಗಿ ಅಲ್ಲ, ದಾರಿಯಲ್ಲಿ.

ಬೆಳಿಗ್ಗೆ ಎದ್ದು ನೋಡಿದರೆ ಹೊಲ ಬಯಲಾಗಿದೆ. ಮೊದಲು ಫೋಟೊ, ಆಮೇಲೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಸಿಬ್ಬಂದಿ ಬಂದು ಮಹಜರು ಮಾಡಬೇಕು, ಹಾನಿ ಅಂದಾಜಿಸಬೇಕು. ಅಲ್ಲಿಯವರೆಗೆ ತುಳಿದ ಪೈರನ್ನು ತೆಗೆಯುವಂತಿಲ್ಲ, ಹೊಲವನ್ನು ಬೇರೆ ಬೆಳೆಗೆ ಹಸನು ಮಾಡುವಂತಿಲ್ಲ. ಕಾಲು ಎಕರೆ ಹೋದವನು ಲೆಕ್ಕ ಹಾಕುತ್ತಾನೆ: ಬಸ್ಸಿನ ಖರ್ಚು, ಜೆರಾಕ್ಸ್, ಕಳೆದುಕೊಂಡ ಕೂಲಿ, ಕಚೇರಿಯಲ್ಲಿ ‘ಸಾಹೇಬರು ಕ್ಯಾಂಪಿನಲ್ಲಿದ್ದಾರೆ, ನಾಳೆ ಬನ್ನಿ’ ಎಂಬ ಉತ್ತರ. ಬರುವುದಕ್ಕಿಂತ ಹೋಗುವುದೇ ಹೆಚ್ಚು ಎಂದು ಕೈಚೆಲ್ಲುತ್ತಾನೆ. ಸಣ್ಣ ನಷ್ಟಗಳು ಅರ್ಜಿಯಾಗುವುದೇ ಇಲ್ಲ, ಮತ್ತು ಒಂದೇ ಸುಗ್ಗಿಯಲ್ಲಿ ಸಣ್ಣ ನಷ್ಟ ಆರು ಸಲ ಆದರೂ ಅದು ಸಣ್ಣದೇ ಆಗಿ ಉಳಿಯುತ್ತದೆ. ಬಂಡೀಪುರ, ನಾಗರಹೊಳೆ ಸುತ್ತ 2015ರಲ್ಲಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಆರಂಭಿಸಿದ ‘ವೈಲ್ಡ್ ಸೇವೆ’ ಯೋಜನೆ ಈ ದಾರಿಯ ತೊಡಕನ್ನೇ ಗುರಿಯಾಗಿಸಿತು. ರೈತ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಕ್ಷೇತ್ರ ಸಿಬ್ಬಂದಿ ಹೊಲಕ್ಕೇ ಬಂದು ದಾಖಲೆ ಮಾಡಿ, ಅರ್ಜಿ ತುಂಬಲು ನೆರವಾಗುತ್ತಾರೆ. ಅಂಥದ್ದೊಂದು ಬೇಕಾಯಿತು ಎಂಬುದೇ ವ್ಯವಸ್ಥೆಯ ಬಗ್ಗೆ ಸಾಕಷ್ಟು ಹೇಳುತ್ತದೆ.

ಇನ್ನು ಪಹಣಿ. ಕಾಗದ ಇಲ್ಲದವನಿಗೆ ಹೊಲದಲ್ಲಿ ಬಿದ್ದ ಆನೆಯ ಹೆಜ್ಜೆ ಸಾಕ್ಷಿಯಾಗದು. ಪಹಣಿ ಇನ್ನೂ ಸತ್ತುಹೋದ ತಾತನ ಹೆಸರಿನಲ್ಲಿರುತ್ತದೆ. ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಬೇಕಾದರೆ ಅಣ್ಣತಮ್ಮಂದಿರು ಒಪ್ಪಬೇಕು, ಬೆಂಗಳೂರಿಗೆ ಹೋಗಿ ನೆಲೆಸಿದವನು ಸಹಿಗೆ ಬರಬೇಕು. ಬಗರ್ ಹುಕುಂ ಜಮೀನಿನಲ್ಲಿ, ಅಂದರೆ ಮಂಜೂರಾತಿ ಇಲ್ಲದ ಸರ್ಕಾರಿ ಭೂಮಿಯಲ್ಲಿ, ಮೂವತ್ತು ವರ್ಷ ಉತ್ತಿದ್ದರೂ ಮಂಜೂರಾತಿ ಆಗುವವರೆಗೆ ಅವನು ಒತ್ತುವರಿದಾರ. ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಒಪ್ಪಂದಕ್ಕೆ, ಬೇರೆಯವರ ಹೊಲ ಮಾಡುವವನ ಪಾಡು ಎಲ್ಲಕ್ಕಿಂತ ಬಿಗಿ. 1974ರ ತಿದ್ದುಪಡಿಯ ಬಳಿಕ ನಮ್ಮ ಭೂಸುಧಾರಣಾ ಕಾನೂನು ಗೇಣಿಯನ್ನೇ ಬಹುಮಟ್ಟಿಗೆ ನಿಷೇಧಿಸಿದ್ದರಿಂದ ಈ ಒಪ್ಪಂದಗಳೆಲ್ಲ ಬಾಯಿಮಾತಿನವು. ಬರೆದುಕೊಟ್ಟರೆ ಜಮೀನು ಹೋದೀತೆಂದು ಯಜಮಾನ ಹೆದರುತ್ತಾನೆ. ಬಿತ್ತಿದವನು ಒಬ್ಬ, ರಾತ್ರಿ ಕಾದವನು ಅವನೇ, ಸಾಲ ಅವನದೇ. ಪರಿಹಾರದ ಹಣ ಪಹಣಿಯಲ್ಲಿ ಹೆಸರಿರುವವನ ಖಾತೆಗೆ. ಯಜಮಾನ ಒಳ್ಳೆಯವನಾದರೆ ಕೊಟ್ಟಾನು.

ಬೇಲಿ ತಳ್ಳಿದ ಆನೆ

ಹಾಗಾದರೆ ಆನೆಯನ್ನೇ ತಡೆಯಬಹುದಲ್ಲ? ತಡೆಯುತ್ತಾರೆ. ಕಂದಕ ತೋಡುತ್ತಾರೆ, ಎರಡು ಮಳೆಗೆ ಮಣ್ಣು ಕುಸಿದು ಇಳಿಜಾರಾಗುತ್ತದೆ, ಹಳ್ಳ ದಾಟುವಲ್ಲಿ ಮೊದಲೇ ಬಾಯಿಬಿಟ್ಟಿರುತ್ತದೆ. ಸೌರಬೇಲಿ ಹಾಕುತ್ತಾರೆ, ಗಿಡ ಬೆಳೆದು ತಂತಿಗೆ ತಾಗಿದರೆ ವಿದ್ಯುತ್ ನೆಲಕ್ಕಿಳಿಯುತ್ತದೆ, ದಂತಕ್ಕೆ ವಿದ್ಯುತ್ ಹರಿಯದೆಂದು ಕಲಿತ ಸಲಗ ತಂತಿಯನ್ನು ದಂತದಿಂದಲೇ ಎತ್ತುತ್ತದೆ, ಇಲ್ಲವೇ ಮರ ಉರುಳಿಸುತ್ತದೆ. ಹಳೆಯ ರೈಲು ಹಳಿಗಳ ತಡೆಬೇಲಿ ಇವೆಲ್ಲಕ್ಕಿಂತ ಗಟ್ಟಿ, ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಹೆಚ್ಚು ಬೇಡುತ್ತದೆ. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ಅಂಚಿನಲ್ಲಿ ಆ ಹಳಿಗಳನ್ನು ಹತ್ತಿ ದಾಟಲು ಹೋದ ಆನೆಯೊಂದು ಸಿಕ್ಕಿಕೊಂಡು ಸತ್ತಿತು.

ಬೇಲಿಯ ನಿಜವಾದ ಸಮಸ್ಯೆ ಅದು ಮುರಿಯುವುದಲ್ಲ. ಗಟ್ಟಿಯಾಗಿ ನಿಂತಾಗಲೂ ಅದು ಹಸಿವನ್ನು ಅಳಿಸುವುದಿಲ್ಲ, ಪಕ್ಕದ ಊರಿಗೆ ತಳ್ಳುತ್ತದೆ. ಬೇಲಿ ಯಾವ ಊರಿಗೆ ಮೊದಲು ಬರುತ್ತದೆ ಎಂಬುದನ್ನು ಆನೆಯ ಜಾಡಿಗಿಂತ ಊರಿನ ಪ್ರಭಾವ ತೀರ್ಮಾನಿಸಿದಾಗ ನಷ್ಟ ಬಡ ಊರಿಗೆ ಸರಿಯುತ್ತದೆ. ಮೊಬೈಲ್ ಸಂದೇಶದ ಮುನ್ಸೂಚನೆ ಜೀವ ಉಳಿಸುವಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ; ತಮಿಳುನಾಡಿನ ವಾಲ್ಪಾರೈನಲ್ಲಿ ಅದು ಸಾಬೀತಾಗಿದೆ. ಆದರೆ ವಾಲ್ಪಾರೈ ಚಹಾ ತೋಟಗಳ ಊರು, ಆನೆ ಚಹಾ ತಿನ್ನುವುದಿಲ್ಲ. ಆನೆ ಎಲ್ಲಿದೆ ಎಂದು ತಿಳಿದರೆ ತೋಟದ ಕಾರ್ಮಿಕ ಮನೆಯಲ್ಲಿರುತ್ತಾನೆ. ನಮ್ಮ ರಾಗಿಯವನು ಅದೇ ಸಂದೇಶ ಓದಿ ಹೊಲಕ್ಕೆ ಓಡುತ್ತಾನೆ.

ಹೀಗೆ ಓಡುವ, ಓಡಿಸುವ ಗದ್ದಲದಲ್ಲಿ ಎರಡೂ ಕಡೆ ಸಾಯುತ್ತವೆ. 2016ರಲ್ಲಿ ಸಿದ್ದ ಎಂಬ ಹೆಸರು ಪಡೆದ ಕಾಡಾನೆ ಜನ ಓಡಿಸುವಾಗ ಹಳ್ಳಕ್ಕೆ ಬಿದ್ದು ಕಾಲು ಮುರಿದುಕೊಂಡು, ಮಂಚನಬೆಲೆ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನರಳಿತು. ವೈದ್ಯರು ಬಂದರು, ಸೇನೆಯ ಎಂಜಿನಿಯರುಗಳು ಆಸರೆಗೆ ಚೌಕಟ್ಟು ಕಟ್ಟಿಕೊಟ್ಟರು. ಡಿಸೆಂಬರಿನಲ್ಲಿ ಅದು ಸತ್ತಾಗ ಬೆಂಗಳೂರು ನಿಜವಾಗಿಯೂ ಮರುಗಿತು. ಆ ಮರುಕವನ್ನು ನಾನು ಹಳಿಯುವುದಿಲ್ಲ. ಅದರ ಕಾಲು ಭಾಗ ಅಟ್ಟಣೆಯ ಮೇಲಿನವರಿಗೂ ಸಿಕ್ಕಿದ್ದರೆ ಎಂದಷ್ಟೇ ಅನಿಸುತ್ತದೆ. ಬೇಸತ್ತವರಲ್ಲಿ ಕೆಲವರು ಹಂದಿಗೆ ಉರುಳು ಹಾಕುತ್ತಾರೆ, ಅದಕ್ಕೆ ಚಿರತೆ ಬೀಳುತ್ತದೆ. ಕೆಲವರು ಕಂಬದಿಂದ ನೇರವಾಗಿ ಬೇಲಿಗೆ ತಂತಿ ಎಳೆಯುತ್ತಾರೆ, ಅದಕ್ಕೆ ಆನೆಯೂ ಬೀಳಬಹುದು, ನೀರು ಕಟ್ಟಲು ಹೋದ ಪಕ್ಕದ ಹೊಲದವನೂ ಬೀಳಬಹುದು. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೂರರಿಂದ ಏಳು ವರ್ಷ ಜೈಲು. ಬೆಳೆ ಹೋಗುತ್ತದೆಂದು ತಂತಿ ಎಳೆದವನ ಮನೆಗೆ ವಕೀಲರ ಖರ್ಚು ಸೇರಿಕೊಳ್ಳುತ್ತದೆ.

ಈಗ ಕಡಲೆಕಾಯಿ ಹೊಲಗಳ ಮಾತಿಗೆ ಬರೋಣ. ಬಂಡೀಪುರದ ಅಂಚಿನ ರೈತ ಸೋತರೆ ಹೊಲ ಪಾಳು ಬೀಳುತ್ತದೆ, ಅವನು ಕೂಲಿಗೆ ವಲಸೆ ಹೋಗುತ್ತಾನೆ, ಎರಡು ವರ್ಷ ಬಿಟ್ಟು ಮತ್ತೆ ಬಿತ್ತಿದರೂ ಬಿತ್ತಿಯಾನು. ಬೆಂಗಳೂರಿನ ಅಂಚಿನ ರೈತ ಸೋತರೆ ಬಾಗಿಲಲ್ಲಿ ಕೊಳ್ಳುವವನು ನಿಂತಿರುತ್ತಾನೆ. ನಿದ್ದೆಗೆಟ್ಟ ಮೂರನೆಯ ಸುಗ್ಗಿಯಲ್ಲಿ ಎಕರೆಯ ಬೆಲೆ ಕೇಳಿದರೆ ಯಾರ ಮನಸ್ಸೂ ಅಲುಗಾಡುತ್ತದೆ; ಮಾರಿದವರನ್ನು ಆಕ್ಷೇಪಿಸುವ ಹಕ್ಕು ಅದೇ ಬಡಾವಣೆಗಳಲ್ಲಿ ಬಾಳುವ ನಮಗಂತೂ ಇಲ್ಲ. ಭೂಮಿ ಮಾರಾಟಕ್ಕೆ ಕಾರಣ ಹಲವು, ಆನೆಯೊಂದೇ ಅಲ್ಲ. ಆದರೆ ರಿಯಲ್ ಎಸ್ಟೇಟಿನ ಸೆಳೆತ, ಕಾಡಿನ ಕಾಟ ಎರಡೂ ಒಂದೇ ಹೊಲದ ಮೇಲೆ ಬಿದ್ದಾಗ ಹೊಲ ಹೆಚ್ಚು ದಿನ ನಿಲ್ಲದು. ರಾತ್ರಿ ಕತ್ತಲಾಗಿರುತ್ತಿದ್ದ, ಆನೆ ತಿಂದೋ ತಿನ್ನದೆಯೋ ಹಾದುಹೋಗುತ್ತಿದ್ದ ಬಯಲಿಗೆ ಕಾಂಪೌಂಡ್, ಫ್ಲಡ್‌ಲೈಟ್, ನಾಯಿಗಳು ಬರುತ್ತವೆ. ಆನೆ ಪಕ್ಕದ ಊರಿಗೆ ಸುತ್ತು ಹಾಕುತ್ತದೆ. ಅಲ್ಲಿ ಕಾವಲು ಎರಡು ಪಟ್ಟಾಗುತ್ತದೆ, ಅಲ್ಲಿಯ ರೈತನೂ ಬೆಲೆ ವಿಚಾರಿಸತೊಡಗುತ್ತಾನೆ. ಹೊಲವಿದ್ದಷ್ಟು ದಿನ ಕಾಡಿಗೂ ನಗರಕ್ಕೂ ನಡುವೆ ಒಂದು ಮೆತ್ತನೆಯ ಜಾಗವಿತ್ತು. ಅದನ್ನು ಬಿಡಿಗಾಸಿಗೆ ಕಾಯುತ್ತಿದ್ದವನು ಆ ರೈತ. ಪರಿಸರ ಸೂಕ್ಷ್ಮ ವಲಯದ ನಕ್ಷೆಯಲ್ಲಿ ಅವನಿಗೆ ನಿರ್ಬಂಧಗಳಿವೆ, ಸಂಬಳವಿಲ್ಲ.

ಹೈಕೋರ್ಟಿನ ಸೂಚನೆಯಂತೆ ಸುಕುಮಾರ್ ಅಧ್ಯಕ್ಷತೆಯಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ರಾಜ್ಯವನ್ನು ಮೂರು ವಲಯಗಳಾಗಿ ನೋಡಿತ್ತು: ಆನೆಗೇ ಮೀಸಲಾದ ಜಾಗ, ಆನೆ ಮತ್ತು ಮನುಷ್ಯ ಒಟ್ಟಿಗೆ ಬಾಳಬೇಕಾದ ಜಾಗ, ಆನೆಗಳನ್ನು ಹಿಡಿದು ಸಾಗಿಸಬೇಕಾದ ಜಾಗ. ನಡುವಿನದೇ ಕಠಿಣ. ಒಟ್ಟಿಗೆ ಬಾಳಬೇಕೆಂದರೆ ಬಾಳುವ ಖರ್ಚನ್ನು ಯಾರಾದರೂ ಕೊಡಬೇಕು, ಮತ್ತು ಆ ಖರ್ಚು ಬೆಳೆ ನಾಶವಾದ ಬೆಳಿಗ್ಗೆ ಹುಟ್ಟುವುದಿಲ್ಲ, ಬಿತ್ತಿದ ದಿನವೇ ಹುಟ್ಟಿರುತ್ತದೆ. ಕಾವಲಿಗೆ ಕೂಲಿ ಕೊಡುವುದು, ಮೇವಿನ ನಷ್ಟವನ್ನು ಬೆಳೆಯ ಜೊತೆ ಎಣಿಸುವುದು, ಆನೆ ದಾರಿಯಲ್ಲಿ ಹೊಲವನ್ನು ಹೊಲವಾಗಿಯೇ ಉಳಿಸಿಕೊಂಡವರಿಗೆ ಎಕರೆಗಿಷ್ಟು ಎಂದು ವರ್ಷವೂ ಕೊಡುವುದು: ಇವುಗಳಿಗೆ ತಂತ್ರಜ್ಞಾನ ಬೇಡ, ಬಜೆಟ್ಟಿನಲ್ಲಿ ಒಂದು ಸಾಲು ಬೇಕು.

ಅಂಥ ಸಾಲು ಬರುವ ಮೊದಲು ವಿಮೆ ಬರುತ್ತಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕಾಡುಪ್ರಾಣಿಗಳಿಂದಾಗುವ ಬೆಳೆ ನಷ್ಟವನ್ನು 2026ರ ಮುಂಗಾರಿನಿಂದ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರಿನಲ್ಲಿ ಪ್ರಕಟಿಸಿತು. ನಷ್ಟವಾದ 72 ಗಂಟೆಗಳೊಳಗೆ ಸ್ಥಳದ ಗುರುತಿರುವ ಫೋಟೊಗಳೊಂದಿಗೆ ಆ್ಯಪ್‌ನಲ್ಲಿ ದೂರು ದಾಖಲಿಸಬೇಕು. ಸ್ವಾಗತಾರ್ಹ ಹೆಜ್ಜೆ. ಆದರೆ ಯಾವ ಪ್ರಾಣಿಗಳು, ಯಾವ ಪ್ರದೇಶಗಳು ಇದರಡಿ ಬರುತ್ತವೆ ಎಂಬುದನ್ನು ರಾಜ್ಯಗಳು ಹಿಂದಿನ ವರ್ಷಗಳ ದಾಖಲೆಗಳನ್ನು ನೋಡಿ ಗುರುತಿಸಬೇಕು. ಬಸ್ಸಿನ ಖರ್ಚೂ ಹುಟ್ಟದೆಂದು ಅರ್ಜಿ ಹಾಕದೆ ಬಿಟ್ಟ ಕಾಲು ಎಕರೆಯವನು, ಪಹಣಿಯಲ್ಲಿ ಹೆಸರಿಲ್ಲದ ವಾರದವನು, ಹಂದಿಗೆ ಸೋತು ಕಡಲೆಕಾಯಿ ಬಿತ್ತುವುದನ್ನೇ ನಿಲ್ಲಿಸಿದವನು, ಈ ಯಾರ ನಷ್ಟವೂ ಆ ದಾಖಲೆಗಳಲ್ಲಿ ಇಲ್ಲ.